ಗೆಡ್ಡೆ ತೆಗೆಯಬೇಕೆ, ಗರ್ಭಕೋಶ ತೆಗೆಯಬೇಕೆ?

ಸಂಜೆ ಕಚೇರಿ ಮುಗಿದು ಎಲ್ಲರೂ ಎದ್ದು ಹೋದರೂ ಮಂಜುಳಾ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಇನ್ನೂ ಏನೋ ಕೆಲಸ ಉಳಿದಿದೆ ಎನ್ನುವಂತೆ ಮೇಜಿನ ಮೇಲೆ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದಳು. ಕೊನೆಯವರು ಬಾಗಿಲು ದಾಟಿದ ಮೇಲೆ ಮೆಲ್ಲಗೆ ಎದ್ದು, ಕುರ್ಚಿಯನ್ನೊಮ್ಮೆ ನೋಡಿ, ಸೀರೆಯ ಹಿಂಭಾಗವನ್ನು ಮುಟ್ಟಿ ನೋಡಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿ ಬಸ್ಸಿಗೆ ಹೊರಡುತ್ತಿದ್ದಳು.

ತಿಂಗಳಲ್ಲಿ ಹೆಚ್ಚಿನ ದಿನಗಳು ಹೀಗೇ ಆಗಿದ್ದವು. ಮುಟ್ಟು ಬಂದರೆ ನಿಲ್ಲುತ್ತಲೇ ಇರಲಿಲ್ಲ. ಹೆಪ್ಪುಹೆಪ್ಪಾಗಿ ರಕ್ತ ಹೋಗುತ್ತಿತ್ತು. ಇಟ್ಟುಕೊಂಡ ಬಟ್ಟೆ ನೋಡನೋಡುತ್ತಲೇ ತೊಯ್ದು ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ನಿಂತರೆ ಕಣ್ಣು ಕತ್ತಲೆ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹಸಿ ಅಕ್ಕಿಯನ್ನು ಹಿಡಿಹಿಡಿಯಾಗಿ ತಿನ್ನುವ ಚಪಲ ಬೇರೆ ಅಂಟಿಕೊಂಡಿತ್ತು. ಅದು ರಕ್ತ ಕಮ್ಮಿಯಾದವರಿಗೆ ಬರುವ ಚಪಲ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಮಂಜುಳಾಳಿಗೆ ಆಗ ಮೂವತ್ತೈದು ವರ್ಷ. ಗಂಡ ಉಮಾಶಂಕರ್ ಅರಸೀಕೆರೆಯ ಅದೇ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮದುವೆಯಾದ ಎರಡನೇ ವರ್ಷಕ್ಕೇ ಬೈಕಿನಿಂದ ಬಿದ್ದು ತೀರಿಕೊಂಡ. ಮಕ್ಕಳಾಗಿರಲಿಲ್ಲ. ಅವನ ಕೆಲಸ ಅನುಕಂಪದ ಮೇಲೆ ಇವಳಿಗೆ ಸಿಕ್ಕಿತು. ತವರಿಗೆ ಹೋಗದೆ ಗಂಡನ ಮನೆಯಲ್ಲೇ ಉಳಿದಳು. ಅರಸೀಕೆರೆ ಕಡೆಯ ಗಂಡಸಿ ಹತ್ತಿರದ ಊರು ಅದು. ಮಗ ಹೋದ ಕೊರಗಿನಲ್ಲಿ ಅತ್ತೆಯೂ ಹೋದರು. ಆಮೇಲೆ ಆ ಮನೆಯಲ್ಲಿ ಇದ್ದವರು ಮಾವ ಸಣ್ಣಯ್ಯ ಮತ್ತು ಮಂಜುಳಾ ಇಬ್ಬರೇ.

ಸಣ್ಣಯ್ಯ ಕೆಟ್ಟವರಲ್ಲ. ಆದರೆ ಗಂಡಸು, ಅದೂ ಮಾವ. ಅವರ ಹತ್ತಿರ ಹಸು ಹಾಲು ಕೊಟ್ಟದ್ದು, ರಾಗಿ ಬೀಸಿಸಬೇಕಾದದ್ದು, ಬಸ್ಸು ತಡವಾದದ್ದು ಇಷ್ಟನ್ನೇ ಮಾತಾಡಬಹುದು. ಹೊಟ್ಟೆಯ ಕೆಳಗಿನ ನೋವನ್ನು ಹೇಳುವುದು ಹೇಗೆ? ಒಗೆದ ಬಟ್ಟೆಯನ್ನು ಸಹ ಅವರ ಕಣ್ಣಿಗೆ ಬೀಳದಂತೆ ದನದ ಕೊಟ್ಟಿಗೆಯ ಹಿಂದೆ ಒಣಹಾಕುತ್ತಿದ್ದಳು. ತವರಿನಲ್ಲಿ ತಾಯಿ ಇಲ್ಲ. ಅಣ್ಣ ಧರ್ಮೇಶ್ ಮಂಡ್ಯದಲ್ಲಿ ಮೇಷ್ಟ್ರು. ಫೋನು ಮಾಡಿದಾಗ "ಚೆನ್ನಾಗಿದ್ದೀಯೇನಮ್ಮ?" ಅನ್ನುತ್ತಿದ್ದ. ಇವಳು "ಹ್ಞೂಂ" ಅನ್ನುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ಹೊಟ್ಟೆ ದಪ್ಪವಾಗುತ್ತಾ ಬಂತು.

ಕೈಕಾಲು ಸಣ್ಣಗಾಗುತ್ತಿದ್ದವು. ಮುಖ ಬಿಳಿಚಿಕೊಂಡಿತ್ತು. ಹೊಟ್ಟೆ ಮಾತ್ರ ಮುಂದಕ್ಕೆ ಬರುತ್ತಿತ್ತು. ಮಲಗಿಕೊಂಡು ಒತ್ತಿದರೆ ಗಟ್ಟಿಯಾಗಿ ಏನೋ ಕೈಗೆ ಸಿಗುತ್ತಿತ್ತು. ನಲ್ಲಿಯ ಹತ್ತಿರ ಒಂದು ದಿನ ಪಕ್ಕದ ಬೀದಿಯ ಗಿಡ್ಡಮ್ಮ ಕೇಳಿಯೇಬಿಟ್ಟಳು.

"ಏನ್ ಮಂಜುಳಾ, ಇತ್ತೀಚೆಗೆ ಮೈ ತುಂಬ್ಕಂಡಂಗೆ ಕಾಣ್ತಿಯಲ್ಲ?"

"ಏನಿಲ್ಲ ಕಣಕ್ಕ, ಗ್ಯಾಸು" ಅಂದಳು ಮಂಜುಳಾ.

ಉಳಿದ ಹೆಂಗಸರು ಇವಳ ಮುಖ ನೋಡದೆ ಕೊಡ ತಿರುಗಿಸಿಕೊಂಡರು. ಅವರು ಏನು ತಿಳಿದುಕೊಂಡಿದ್ದಾರೆ ಎಂದು ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಅರ್ಥವಾಯಿತು. ಅವತ್ತಿನಿಂದ ಅವಳು ಬೆಳಗು ಹರಿಯುವ ಮುಂಚೆಯೇ ನೀರು ತರತೊಡಗಿದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಊರಿನವರು ಬಂದು ಕೂರುತ್ತಿರಲಿಲ್ಲ. ಮದುವೆ ಮನೆಗೆ ಕರೆದರೂ ಹೋಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು ತೆಂಗಿನ ತೋಟಗಳನ್ನು ನೋಡುತ್ತಾ ಹೋಗುವುದು, ಅದೇ ತೋಟಗಳನ್ನು ನೋಡುತ್ತಾ ಬರುವುದು, ಇಷ್ಟೇ ಅವಳ ಬದುಕಾಯಿತು.

ಕೊನೆಗೆ ತಡೆಯಲಾರದೆ ಅವಳೊಬ್ಬಳೇ ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಹೋದಳು. ಸ್ಕ್ಯಾನಿಂಗ್ ಆಯಿತು. ಅಲ್ಲಿನ ಡಾಕ್ಟರು ಅವಳ ಮುಖವನ್ನು ಸರಿಯಾಗಿ ನೋಡದೆಯೇ ಹೇಳಿದರು.

"ಗರ್ಭಕೋಶದಲ್ಲಿ ಗೆಡ್ಡೆ ಇದೆ. ಸೋಮವಾರ ಬಂದು ಅಡ್ಮಿಟ್ ಆಗಿ, ಗರ್ಭಕೋಶ ತೆಗೆದುಬಿಡೋಣ. ಅಂಡಾಶಯಾನೂ ಜೊತೆಗೇ ತೆಗೆದುಬಿಡ್ತೀವಿ. ಬಿಟ್ಟರೆ ಕ್ಯಾನ್ಸರ್ ಆಗುತ್ತೆ."

"ಬೇರೆ ಏನೂ ದಾರಿ ಇಲ್ವಾ ಸಾರ್?"

"ಗಂಡ ಇಲ್ಲ, ಮಕ್ಕಳಿಲ್ಲ ಅಂತೀರಿ. ನಿಮಗೆ ಅದು ಇದ್ದು ಇನ್ನೇನಾಗಬೇಕಮ್ಮ?"

ಮಂಜುಳಾ ಸ್ಕ್ಯಾನಿಂಗ್ ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಳು. ಗಂಡಸಿ ಕಡೆಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಕ್ಯಾನ್ಸರ್ ಅನ್ನುವ ಮಾತಿಗಿಂತ ಹೆಚ್ಚಾಗಿ ಆ ಇನ್ನೊಂದು ಮಾತು ಅವಳ ಎದೆಗೆ ನಾಟಿತ್ತು. ನಿನಗೆ ಇದು ಯಾಕೆ ಬೇಕು ಅಂತ ಕೇಳಿದ್ದು ಒಂದು ಗರ್ಭಕೋಶದ ವಿಷಯವಾಗಿಯೋ, ಇಡೀ ತನ್ನ ವಿಷಯವಾಗಿಯೋ ಅವಳಿಗೆ ತಿಳಿಯಲಿಲ್ಲ.

ಮಾರನೆಯ ದಿನ ಸಂಜೆ ಅವಳು ಎಂದಿನಂತೆ ಎಲ್ಲರೂ ಹೋಗಲಿ ಎಂದು ಕಾಯುತ್ತಿದ್ದಳು. ಪಕ್ಕದ ಮೇಜಿನ ಸಾವಿತ್ರಮ್ಮ ಮಾತ್ರ ಏಳಲಿಲ್ಲ. ಸಾವಿತ್ರಮ್ಮ ಕಣಕಟ್ಟೆಯವರು, ತೋಟ ತುಡಿಕೆ ಇದ್ದ ಮನೆಯ ಹೆಂಗಸು. ಕಚೇರಿಯಲ್ಲಿ ಎಲ್ಲರಿಗಿಂತ ಹಿರಿಯರು. ಮಾತು ಒರಟು.

"ಮೇಡಂ, ನಿಮ್ಮ ಬಸ್ಸು ಹೋಗುತ್ತೆ" ಅಂದಳು ಮಂಜುಳಾ.

"ಹೋದ್ರೆ ಹೋಗ್ಲಿ. ನೀನು ಏಳೋವರೆಗೂ ನಾನು ಏಳಲ್ಲ."

"ನಂಗೆ ಸ್ವಲ್ಪ ಕೆಲಸ..."

"ಯಾವ ಕೆಲಸಾನೂ ಇಲ್ಲ. ನಾನು ಕಣ್ಣು ಮುಚ್ಕೊಂಡು ಕೂತಿದ್ದೀನಾ ಇಲ್ಲಿ? ಎಷ್ಟು ದಿನದಿಂದ ಹೋಗ್ತಾ ಇದೆ ನಿಂಗೆ?"

ಹೀಗೆ ನೇರವಾಗಿ ಯಾರೂ ಮಂಜುಳಾಳನ್ನು ಕೇಳಿರಲಿಲ್ಲ. ಚೀಲದಿಂದ ಸ್ಕ್ಯಾನಿಂಗ್ ಕವರು ತೆಗೆದು ಕೊಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಸಾವಿತ್ರಮ್ಮ ಕೇಳಿಸಿಕೊಂಡರು.

"ಗೆಡ್ಡೇನಾ? ನಂಗೂ ಇತ್ತು ಕಣೇ."

"ನಿಮಗಾ?"

"ಹ್ಞೂಂ. ನಲವತ್ತೇಳು ವರ್ಷ ಆಗಿತ್ತು ಆವಾಗ. ನನ್ನದು ನಿಂಬೆಹಣ್ಣಿನಷ್ಟಿತ್ತು. ರಕ್ತ ಜಾಸ್ತಿ ಹೋಗೋದು. ಹಾಸನದ ದೊಡ್ಡಾಸ್ಪತ್ರೇಲಿ ಡಾಕ್ಟರ್ ಶಿಲ್ಪಶ್ರೀ ಅಂತ ಒಬ್ಬರಿದ್ದಾರೆ, ಅವರು ನೋಡಿದ್ರು. ಮುಟ್ಟು ನಿಲ್ಲೋ ವಯಸ್ಸು ಹತ್ರ ಬಂತು, ನಿಂತ ಮೇಲೆ ಗೆಡ್ಡೆ ತಾನಾಗೇ ಕುಗ್ಗುತ್ತೆ, ಅಲ್ಲೀವರೆಗೂ ಮಾತ್ರೇಲಿ ತಳ್ಳೋಣ ಅಂದ್ರು. ರಕ್ತ ಕಮ್ಮಿ ಆಗೋಕೆ ಮಾತ್ರೆ, ಕಬ್ಬಿಣದ ಮಾತ್ರೆ, ಆರು ತಿಂಗಳಿಗೊಂದ್ಸಲ ಸ್ಕ್ಯಾನು. ಅಷ್ಟೇ. ಈಗ ಮುಟ್ಟು ನಿಂತು ಯಾವ ಕಾಲ ಆಯ್ತು. ಗೆಡ್ಡೆ ತೊಂದರೇನೇ ಕೊಡಲ್ಲ."

"ಅಂದ್ರೆ ಆಪರೇಷನ್ ಬೇಡವೇ ಬೇಡವಾ?"

"ನಂಗೆ ಬೇಡ ಆಯ್ತು. ನಿಂಗೆ ಏನು ಬೇಕೋ ನಂಗೇನು ಗೊತ್ತು? ನಾನೇನು ಡಾಕ್ಟರಾ? ನಮ್ಮ ನಾದಿನಿಗೆ ತೆಗೆಸಲೇಬೇಕಾಯ್ತು, ತೆಗೆಸಿದ್ರು, ಗುಂಡುಕಲ್ಲಿನಂಗವಳೆ. ಆದ್ರೆ ಇನ್ನೊಬ್ಬರಿಗೆ ತೋರಿಸದೆ ಸೋಮವಾರ ಹೋಗಿ ಮಲಗಬೇಡ. ಹಾಸನಕ್ಕೆ ಹೋಗಿ ಬಾ. ಜೊತೆಗೆ ಬೇಕಾದ್ರೆ ನಾನು ಬರ್ತೀನಿ."

ಅವತ್ತು ಇಬ್ಬರೂ ಒಟ್ಟಿಗೆ ಕಚೇರಿಯಿಂದ ಇಳಿದು ಬಂದರು. ಸಾವಿತ್ರಮ್ಮ ಅವಳ ಹಿಂದೆಯೇ ನಡೆದರು, ಸೀರೆ ಕಲೆಯಾಗಿದ್ದರೆ ಯಾರಿಗೂ ಕಾಣದಿರಲಿ ಅಂತ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸಣ್ಣಯ್ಯ ಜಗಲಿಯ ಮೇಲೆ ಕೂತಿದ್ದರು. ಕೆಲವು ವಾರಗಳಿಂದ ಅವರು ಸೊಸೆಯ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ತಟ್ಟೆ ಮುಂದಿಟ್ಟರೆ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದರು. ಊರಿನ ಟೀ ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿದ್ದರು. ಮಂಜುಳಾ ಕಾಲು ತೊಳೆದು ಒಳಗೆ ಹೋಗುವಾಗ ಅವರು ಕಂಬವನ್ನು ನೋಡುತ್ತಾ ಕೇಳಿದರು.

"ಯಾರ್ದವ್ವ ಅದು?"

"ಯಾವುದು ಮಾವ?"

ಸಣ್ಣಯ್ಯ ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು. ಆಗ ಮಂಜುಳಾಳಿಗೆ ಗೊತ್ತಾಯಿತು. ನಲ್ಲಿಯ ಹತ್ತಿರ ಹುಟ್ಟಿದ ಮಾತು ತನ್ನ ಮನೆಯ ಜಗಲಿಗೂ ಬಂದು ಕೂತಿದೆ. ಅವಳಿಗೆ ಕೂಗಾಡಬೇಕು ಅನ್ನಿಸಿತು. ಆಗಲಿಲ್ಲ. ನಿಲ್ಲಲೂ ಆಗಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು.

"ಗೆಡ್ಡೆ ಮಾವ. ಗರ್ಭಕೋಶದಲ್ಲಿ ಗೆಡ್ಡೆ ಬೆಳೆದಿದೆ. ವರ್ಷದಿಂದ ರಕ್ತ ಹೋಗ್ತಾ ಇದೆ. ಯಾರ ಹತ್ರ ಹೇಳಲಿ ನಾನು? ಯಾರಿದ್ದಾರೆ ಈ ಮನೇಲಿ?"

ಸಣ್ಣಯ್ಯ ನಂಬಿದರೋ ಇಲ್ಲವೋ ಹೇಳುವುದು ಕಷ್ಟ. "ಆಸ್ಪತ್ರೆಗೆ ಯಾವತ್ತು ಹೋಗದು?" ಅಂದರು.

"ನಾಳಿದ್ದು ಹಾಸನಕ್ಕೆ."

"ನಾನೂ ಬತ್ತೀನಿ. ನನ್ನ ಕಿವೀಲೇ ಕೇಳ್ಬೇಕು."

ಸಾವಿತ್ರಮ್ಮನಿಗೆ ಈ ವಿಷಯ ಹೇಳಿದಾಗ ಅವರು, "ಹಾಗಾದ್ರೆ ನಾನು ಬರಲ್ಲ. ಅವರೇ ಬರಲಿ, ಅವರೇ ಕೇಳಲಿ" ಅಂದರು.

ಹಾಸನದ ಬಸ್ಸಿನಲ್ಲಿ ಮಾವ ಮುಂದಿನ ಸೀಟಿನಲ್ಲಿ, ಸೊಸೆ ಹಿಂದೆ ಹೆಂಗಸರ ನಡುವೆ ಕೂತರು. ಆಸ್ಪತ್ರೆಯಲ್ಲಿ ಉದ್ದನೆಯ ಸಾಲು. ಸಣ್ಣಯ್ಯ ಗೋಡೆ ಹಿಡಿದು ನಿಂತೇ ಇದ್ದರು. ಡಾಕ್ಟರ್ ಶಿಲ್ಪಶ್ರೀ ಮಂಜುಳಾಳನ್ನು ಪರೀಕ್ಷೆ ಮಾಡಿ, ಸ್ಕ್ಯಾನಿಂಗ್ ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಮಾವನನ್ನೂ ಒಳಗೆ ಕರೆಯಬಹುದೇ ಎಂದು ಅವಳನ್ನು ಕೇಳಿ, ಕರೆಸಿ ಕೂರಿಸಿದರು.

"ಗರ್ಭಕೋಶದ ಗೋಡೆಯಲ್ಲಿ ಗೆಡ್ಡೆ ಬೆಳೆದಿದೆ. ನಾವು ಫೈಬ್ರಾಯ್ಡ್ ಅಂತೀವಿ. ಹೊಟ್ಟೆ ಐದು ತಿಂಗಳ ಬಸುರಿಯ ಹೊಟ್ಟೆಯಷ್ಟು ದೊಡ್ಡದಾಗಿದೆ. ಒಳಗಿರೋದು ಬರೀ ಗೆಡ್ಡೆ."

ಸಣ್ಣಯ್ಯ ಕಣ್ಣು ಮುಚ್ಚಿಕೊಂಡರು. ಡಾಕ್ಟರಿಗೆ ಅದು ಯಾಕೆಂದು ಗೊತ್ತಾಗಲಿಲ್ಲ. ಮಂಜುಳಾಳಿಗೆ ಗೊತ್ತಾಯಿತು.

"ಕ್ಯಾನ್ಸರ್ ಆಗುತ್ತೆ ಅಂದ್ರು ಮೇಡಂ ಅಲ್ಲಿ" ಅಂದಳು.

"ಇಂಥ ಗೆಡ್ಡೆ ಕ್ಯಾನ್ಸರ್ ಆಗಿರೋದು ಬಹಳ ಬಹಳ ಅಪರೂಪ. ತೆಗೆದ್ರೆ ಹೇಗೂ ಪರೀಕ್ಷೆಗೆ ಕಳಿಸ್ತೀವಿ. ಎಷ್ಟೋ ಹೆಂಗಸರಿಗೆ ಗೆಡ್ಡೆ ಇರೋದೇ ಗೊತ್ತಿರಲ್ಲ. ತೊಂದರೆ ಕೊಡದಿದ್ರೆ ನಾವೂ ಮುಟ್ಟೋದಿಲ್ಲ, ನೋಡ್ತಾ ಇರ್ತೀವಿ. ಆದ್ರೆ ನಿಮ್ಮ ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧದಷ್ಟೇ ಇದೆ. ನಿಮ್ಮ ವಿಷಯದಲ್ಲಿ ಸುಮ್ಮನೆ ಕಾಯೋ ಹಾಗಿಲ್ಲ."

ಸಣ್ಣಯ್ಯ ಕೆಮ್ಮಿದರು. "ಕುಯ್ಯದೆ ಮಾತ್ರೇಲೇ ಕರಗ್ಸಕ್ಕಾಗಲ್ವಾ ತಾಯಿ? ನಮ್ ಕಡೆ ನಾಟಿ ಔಸ್ದಿ ಕೊಡೋರೂ ಅವ್ರೆ."

"ಕರಗಿಸೋ ಬೇರು, ಕಷಾಯ ಯಾವುದೂ ಇಲ್ಲ ಅಜ್ಜ. ಅದನ್ನ ನಂಬಿ ಕೂತವರು ಇನ್ನೂ ರಕ್ತ ಕಳ್ಕೊಂಡು ಬರ್ತಾರೆ. ಮಾತ್ರೆ ಇದೆ. ಮುಟ್ಟಿನ ದಿನಗಳಲ್ಲಿ ತಗೊಂಡ್ರೆ ರಕ್ತ ಹೋಗೋದು ಕಮ್ಮಿ ಆಗುತ್ತೆ. ಗೆಡ್ಡೆ ಮಾತ್ರ ಹಾಗೇ ಇರುತ್ತೆ. ಸಣ್ಣ ಗೆಡ್ಡೆ ಇರೋರಿಗೆ, ಮುಟ್ಟು ನಿಲ್ಲೋ ವಯಸ್ಸು ಹತ್ತಿರ ಇರೋರಿಗೆ ಅಷ್ಟೇ ಸಾಕಾಗಬಹುದು. ಇನ್ನು ಕೆಲವರಿಗೆ, ಮಕ್ಕಳಾಗದ ಹಾಗೆ ಗರ್ಭಕೋಶದಲ್ಲಿ ವಂಕಿ ಹಾಕ್ತಾರಲ್ಲ, ಅದೇ ಥರ ಔಷಧಿ ಇರೋ ವಂಕಿ ಬರುತ್ತೆ, ಐದು ವರ್ಷ ಕೆಲಸ ಮಾಡುತ್ತೆ, ರಕ್ತ ತುಂಬಾ ಕಮ್ಮಿ ಮಾಡುತ್ತೆ. ಆದ್ರೆ ಇವರ ಗೆಡ್ಡೆ ಗರ್ಭಕೋಶದ ಒಳಗನ್ನೇ ಸೊಟ್ಟ ಮಾಡಿಬಿಟ್ಟಿದೆ. ವಂಕಿ ಅಲ್ಲಿ ನಿಲ್ಲಲ್ಲ."

"ಇಂಜೆಕ್ಷನ್ ಏನಾದ್ರೂ?" ಮಂಜುಳಾ ಕೇಳಿದಳು.

"ಇದೆ. ತಿಂಗಳಿಗೊಂದು. ಮುಟ್ಟು ನಿಂತುಹೋಗುತ್ತೆ, ಗೆಡ್ಡೆ ಕುಗ್ಗುತ್ತೆ. ಆದ್ರೆ ನಿಲ್ಲಿಸಿದ ಮೇಲೆ ಮತ್ತೆ ಬೆಳೆಯುತ್ತೆ. ಬಹಳ ದಿನ ತಗೊಂಡ್ರೆ ಮೂಳೆ ಸವೆಯುತ್ತೆ, ಮೈ ಬಿಸಿ ಆಗುತ್ತೆ. ಅದಕ್ಕೇ ಅದನ್ನ ಆಪರೇಷನ್‌ಗೆ ಮುಂಚೆ ಕೆಲವು ತಿಂಗಳು ಮಾತ್ರ ಕೊಡ್ತೀವಿ. ಗೆಡ್ಡೆ ಸ್ವಲ್ಪ ಚಿಕ್ಕದಾಗುತ್ತೆ, ಅಷ್ಟರಲ್ಲಿ ನಿಮಗೆ ರಕ್ತಾನೂ ಕೂಡುತ್ತೆ."

ಬೆಂಗಳೂರಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೊಂದು ವಿಧಾನವೂ ಶುರುವಾಗಿದೆ ಎಂದು ಡಾಕ್ಟರು ತಿಳಿಸಿದರು. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಗೆಡ್ಡೆಗೆ ಹೋಗುವ ರಕ್ತವನ್ನೇ ಮುಚ್ಚಿಬಿಡುತ್ತಾರೆ. ಹೊಟ್ಟೆ ಕುಯ್ಯುವುದಿಲ್ಲ. ಒಂದೆರಡು ದಿನ ನೋವು ಜೋರಾಗಿರುತ್ತದೆ, ಜ್ವರವೂ ಬರಬಹುದು. ಗೆಡ್ಡೆ ತಿಂಗಳುಗಟ್ಟಲೆ ಮೆಲ್ಲಗೆ ಒಣಗುತ್ತಾ ಹೋಗುತ್ತದೆ. ಕೆಲವರಿಗೆ ಮುಂದೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಮುಂದೆ ಮಗು ಬೇಕು ಅನ್ನುವವರಿಗೆ ಸಾಮಾನ್ಯವಾಗಿ ಅದನ್ನು ಹೇಳುವುದಿಲ್ಲ.

"ಉಳಿದದ್ದು ಆಪರೇಷನ್. ಅದರಲ್ಲಿ ಎರಡು ಥರ. ಒಂದು, ಗೆಡ್ಡೆ ಮಾತ್ರ ತೆಗೆದು ಗರ್ಭಕೋಶ ಹೊಲಿದು ಉಳಿಸೋದು. ಮುಂದೆ ಮಗು ಆಗೋ ದಾರಿ ಉಳಿಯುತ್ತೆ. ಆದ್ರೆ ಕೆಲವು ವರ್ಷದಲ್ಲಿ ಗೆಡ್ಡೆ ಮತ್ತೆ ಬರಬಹುದು. ಆಪರೇಷನ್ ಹೊತ್ತಲ್ಲಿ ರಕ್ತ ಜಾಸ್ತಿ ಹೋಗಬಹುದು. ತೀರಾ ಅಪರೂಪಕ್ಕೆ ನಿಲ್ಲಿಸೋಕೆ ಆಗದಿದ್ರೆ ಗರ್ಭಕೋಶ ತೆಗೀಲೇಬೇಕಾಗುತ್ತೆ, ಅದನ್ನೂ ಮುಚ್ಚಿಡದೆ ಹೇಳ್ತಾ ಇದ್ದೀನಿ. ಎರಡನೇದು, ಗರ್ಭಕೋಶಾನೇ ತೆಗೆಯೋದು. ಗೆಡ್ಡೆ ಮತ್ತೆ ಬರೋ ಮಾತೇ ಇಲ್ಲ, ಮುಟ್ಟೂ ಇಲ್ಲ. ಮಕ್ಕಳೂ ಆಗಲ್ಲ. ಅದು ಕೆಟ್ಟ ಆಪರೇಷನ್ ಅಲ್ಲ, ಎಷ್ಟೋ ಜನರಿಗೆ ಅದೇ ಸರಿ. ಆದ್ರೆ ಈ ವಯಸ್ಸಲ್ಲಿ ಅಂಡಾಶಯ ಚೆನ್ನಾಗಿದ್ರೆ ಅದನ್ನ ಕೀಳಬಾರದು. ಕಿತ್ತರೆ ನಾಳೇನೇ ಐವತ್ತರ ಮೈ ಬಂದುಬಿಡುತ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಈಗ ನಾನು ಒಂದು ಮಾತು ಕೇಳಬೇಕು ಮಂಜುಳಾ. ನಿಮಗೆ ಮುಂದೆ ಮಗು ಬೇಕು ಅನ್ನೋ ಆಸೆ ಇದೆಯಾ?"

ಗಂಡ ಹೋದ ಮೇಲೆ ಇಷ್ಟು ವರ್ಷಗಳಲ್ಲಿ ಅವಳನ್ನು ಈ ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಅವಳು ಮಾವನ ಕಡೆ ನೋಡಿದಳು. ಮಾವ ನೆಲ ನೋಡುತ್ತಿದ್ದರು.

ಆಗ ಸಣ್ಣಯ್ಯ ಟವೆಲು ಹೆಗಲ ಮೇಲೆ ಹಾಕಿಕೊಂಡು ಎದ್ದರು. "ನಾನು ಆಚೆ ಇರ್ತೀನಿ ತಾಯಿ. ಅದು ಅವಳು ಹೇಳ್ಬೇಕಾದ ಮಾತು. ನಾನು ಕೇಳುಸ್ಕಳ್ಳೋದಲ್ಲ" ಅಂದು ಬಾಗಿಲು ಎಳೆದುಕೊಂಡು ಹೋದರು.

ಮಂಜುಳಾ ಅತ್ತಳು. ಡಾಕ್ಟರು ಹೊರಗಿನ ಸಾಲನ್ನು ಮರೆತವರಂತೆ ಸುಮ್ಮನೆ ಕೂತಿದ್ದರು.

"ಗೊತ್ತಿಲ್ಲ ಮೇಡಂ" ಅಂದಳು ಕೊನೆಗೆ.

"ಗೊತ್ತಿಲ್ಲ ಅನ್ನೋದೂ ಉತ್ತರಾನೇ. ಇವತ್ತೇ ಹೇಳಬೇಕಾಗಿಲ್ಲ. ಕಬ್ಬಿಣದ ಮಾತ್ರೆ, ರಕ್ತ ಕಮ್ಮಿ ಮಾಡೋ ಮಾತ್ರೆ ಬರೆದಿದ್ದೀನಿ. ಹೋಗಿ, ಯೋಚನೆ ಮಾಡಿ, ಮುಂದಿನ ವಾರ ಬನ್ನಿ. ತಲೆ ಸುತ್ತು ಬಂದ್ರೆ, ರಕ್ತ ನಿಲ್ಲದೆ ಹೋದ್ರೆ ಮಾತ್ರ ಕಾಯಬೇಡಿ, ಓಡಿಬನ್ನಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸಣ್ಣಯ್ಯ ಅವಳ ಪಕ್ಕದ ಸೀಟಿನಲ್ಲೇ ಕೂತರು. ಗಂಡಸಿ ಹತ್ತಿರ ಬಂದಾಗ ಅವರು ಮೆಲ್ಲಗೆ, "ನಾನು ಹಂಗೆ ಕೇಳ್ಬಾರ್ದಾಗಿತ್ತು ಕಣವ್ವ" ಅಂದರು.

ಪರವಾಗಿಲ್ಲ ಮಾವ ಎಂದು ಹೇಳಬೇಕು ಅಂತ ಮಂಜುಳಾಳಿಗೆ ಅನ್ನಿಸಿತು. ಆದರೆ ಆ ಮಾತು ಇನ್ನೂ ನೋಯುತ್ತಿತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಾ ಉಳಿದಳು.

ಆ ವಾರ ಅವಳು ಬಹಳ ಯೋಚಿಸಿದಳು. ಅಣ್ಣನಿಗೆ ಫೋನು ಮಾಡಿ ಮೊದಲ ಸಲ ಎಲ್ಲವನ್ನೂ ಹೇಳಿದಳು. ಅಣ್ಣ, "ನೀನೇ ಹೇಳು, ಏನು ಮಾಡೋಣ? ನಾನು ಬರ್ತೀನಿ" ಅಂದ. ಬೇಸರವೋ ಸಮಾಧಾನವೋ ಗೊತ್ತಾಗದ ಒಂದು ಭಾವ ಅವಳನ್ನು ಹಿಡಿಯಿತು. ಎಲ್ಲರೂ ಈಗ ನೀನೇ ಹೇಳು ಅನ್ನುತ್ತಿದ್ದಾರೆ. ಹೇಳುವ ಹೊತ್ತಿಗೆ ತಾನೊಬ್ಬಳೇ.

ಮುಂದಿನ ವಾರ ಡಾಕ್ಟರ ಮುಂದೆ ಕೂತು ಅವಳು ಸ್ಪಷ್ಟವಾಗಿ ಹೇಳಿದಳು. "ಗೆಡ್ಡೆ ಮಾತ್ರ ತೆಗೀರಿ ಮೇಡಂ. ಮಗು ಬೇಕು ಅಂತಲೂ ಗೊತ್ತಿಲ್ಲ, ಬೇಡ ಅಂತಲೂ ಗೊತ್ತಿಲ್ಲ. ಆದ್ರೆ ಅದನ್ನ ಇನ್ಯಾರೋ ಮುಗಿಸಿಬಿಡೋದು ನಂಗೆ ಬೇಡ. ಮತ್ತೆ ಗೆಡ್ಡೆ ಬಂದ್ರೆ ಆವಾಗ ನೋಡೋಣ."

"ಸರಿ. ತಿಳಿದು ಹೇಳ್ತಾ ಇದ್ದೀರಿ, ನಂಗೂ ಸಮಾಧಾನ" ಅಂದರು ಡಾಕ್ಟರು.

ಕೆಲವು ತಿಂಗಳು ಇಂಜೆಕ್ಷನ್ ನಡೆಯಿತು. ಮುಟ್ಟು ನಿಂತಿತು. ಮೈ ಆಗಾಗ ಕೆಂಡದಂತೆ ಬಿಸಿಯಾಗಿ ಬೆವರುತ್ತಿತ್ತು, ಡಾಕ್ಟರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಕಬ್ಬಿಣದ ಮಾತ್ರೆ, ನುಗ್ಗೆಸೊಪ್ಪು, ಹುರುಳಿ, ರಾಗಿ. ಸಣ್ಣಯ್ಯನೇ ನುಗ್ಗೆಸೊಪ್ಪು ಬಿಡಿಸಿ ಇಡುತ್ತಿದ್ದರು. ಮುಖಕ್ಕೆ ಬಣ್ಣ ಬಂತು. ಹಸಿ ಅಕ್ಕಿಯ ಚಪಲ ಹೋಯಿತು.

ಆಪರೇಷನ್ ಆದ ಮೇಲೆ ಅವಳಿಗೆ ಎಚ್ಚರವಾದಾಗ ಪಕ್ಕದ ಮಂಚದಲ್ಲಿ ಹಳೇಬೀಡಿನ ಕಡೆಯ ಮುತ್ತಮ್ಮ ಇದ್ದರು. ನಲವತ್ತೆಂಟು ವರ್ಷ, ಮೂರು ಬೆಳೆದ ಮಕ್ಕಳ ತಾಯಿ. ಅವರದೂ ಗೆಡ್ಡೆಯೇ, ಒಂದಲ್ಲ, ಹಲವು. ಅವರು ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು.

"ಬೇಜಾರಾಗಲಿಲ್ವಾ ಅಮ್ಮ?" ಮಂಜುಳಾ ಕೇಳಿದಳು.

"ಯಾಕವ್ವ ಬೇಜಾರು? ಮಾತ್ರೆ ನುಂಗಿದ್ದಾಯ್ತು, ವಂಕಿ ಹಾಕ್ಸಿದ್ದಾಯ್ತು, ಅದೂ ಜಾರಿ ಬಿತ್ತು. ನಂಗೆ ಸಾಕಾಗೋಗಿತ್ತು. ನಾನೇ ತೆಗೀರಿ ಅಂದೆ. ಅಂಡಾಶಯ ಇರ್ಲಿ ಅಂತ ಬುಟ್ಟವ್ರೆ. ನಿಂಗೆ ಉಳುಸ್ಕಬೇಕು ಅನ್ನಿಸ್ತು, ಉಳುಸ್ಕಂಡೆ. ನಂಗೆ ಬ್ಯಾಡ ಅನ್ನಿಸ್ತು. ಇಬ್ಬರದೂ ಸರಿ ಕಣ್ ಬುಡು."

ಸಂಜೆ ನೋಡಲು ಬರುವ ಹೊತ್ತಿನಲ್ಲಿ ಮುತ್ತಮ್ಮನ ಮಂಚದ ಸುತ್ತ ಮಕ್ಕಳು, ಸೊಸೆ, ತಂಗಿ ಎಲ್ಲರೂ ತುಂಬಿಕೊಳ್ಳುತ್ತಿದ್ದರು. ಮಂಜುಳಾಳ ಅಣ್ಣ ಎರಡು ದಿನ ಇದ್ದು ಶಾಲೆಗೆ ವಾಪಸ್ಸು ಹೋಗಿದ್ದ. ಸಾವಿತ್ರಮ್ಮ ಭಾನುವಾರ ಬಂದು ಹೋದರು. ಉಳಿದ ದಿನ ಮಂಜುಳಾಳ ಹತ್ತಿರ ಸಣ್ಣಯ್ಯ ಮಾತ್ರ. ಗಂಜಿಯ ಡಬ್ಬ ಇಟ್ಟು, ಹೆಂಗಸರ ವಾರ್ಡಿನಲ್ಲಿ ನಿಲ್ಲಲು ಸಂಕೋಚಪಟ್ಟು ಹೊರಗೆ ಹೋಗಿ ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಕಿಟಕಿಯಿಂದ ಅವರ ಬಿಳಿ ತಲೆ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಾ ಮಲಗಿರುತ್ತಿದ್ದಳು.

ಪರೀಕ್ಷೆಯ ವರದಿ ಬಂತು. ಕ್ಯಾನ್ಸರ್ ಇರಲಿಲ್ಲ.

ಮನೆಗೆ ಬಂದ ಮೇಲೆ ಒಂದು ದಿನ ಸಣ್ಣಯ್ಯ ಟೀ ಅಂಗಡಿಗೆ ಹೋದರಂತೆ. ಅಲ್ಲಿ ಕೂತಿದ್ದ ಚನ್ನಪ್ಪ, ಹುಚ್ಚಣ್ಣ ಮುಂತಾದವರ ಎದುರು ನಿಂತುಕೊಂಡೇ ಹೇಳಿದರಂತೆ. "ಕೇಳ್ರಲಾ ಇಲ್ಲಿ. ನನ್ನ ಸೊಸೆ ಹೊಟ್ಟೇಲಿ ಇದ್ದುದ್ದು ಗೆಡ್ಡೆ. ನಾನೇ ಡಾಕ್ಟ್ರ ಮುಂದೆ ಕೂತ್ಕಂಡು ಕೇಳ್ದೆ. ಅವಳಿಗೆ ಸಾಯೋ ಹಂಗೆ ರಕ್ತ ಹೋಗ್ತಿದ್ರೆ ನಾವು ಇಲ್ಲಿ ಕೂತ್ಕಂಡು ಏನೇನ್ ಮಾತಾಡ್ದೋ. ನಾನೂ ನಂಬ್ದೆ. ನನ್ ಬುದ್ಧಿಗೆ ಬೆಂಕಿ ಬೀಳ. ನಿಮ್ಮ ಮನೆ ಹೆಣ್ಮಕ್ಕಳನ್ನೂ ಒಂದ್ಸಲ ಕೇಳ್ರಿ, ಏನಾಗೈತೆ ಅಂತ."

ಈ ಸುದ್ದಿ ಕೇಳಿ ಮಂಜುಳಾಳಿಗೆ ಮೊದಲು ಹಿತವೆನಿಸಲಿಲ್ಲ. ತನ್ನ ಹೊಟ್ಟೆ ಮತ್ತೆ ಟೀ ಅಂಗಡಿಯ ಮಾತಾಯಿತಲ್ಲ ಎಂದು ಮುಜುಗರವಾಯಿತು. ಒಂದು ಇಡೀ ದಿನ ಅವಳು ಹೊರಗೆ ಬರಲಿಲ್ಲ. ಆದರೆ ಸಂಜೆ ಊಟಕ್ಕೆ ಕೂತಾಗ ಅವಳೇ ಕೇಳಿದಳು.

"ಮಾವ, ಅಲ್ಲಿ ಎಲ್ಲರ ಮುಂದೆ ಹೇಳೋವಾಗ ನಿಮಗೆ ನಾಚಿಕೆ ಆಗಲಿಲ್ವಾ?"

"ಆಯ್ತು" ಅಂದರು ಸಣ್ಣಯ್ಯ. "ಆದ್ರೆ ಆಸ್ಪತ್ರೆ ಸಾಲಲ್ಲಿ ನಿಂತಿದ್ರಲ್ಲ ಹೆಂಗಸ್ರು, ಅಷ್ಟು ಜನಾನೂ ಯಾರ್ಗೂ ಹೇಳ್ದೆ ಬಂದೋರಂಗೆ ನಿಂತಿದ್ರು ಕಣವ್ವ. ಅದು ನೋಡಿದ್ ಮ್ಯಾಲೆ ನನ್ ನಾಚಿಕೆ ದೊಡ್ಡದು ಅನ್ನಿಸ್ಲಿಲ್ಲ."

ಮಂಜುಳಾ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿದ್ದಳು. ಅವಳ ಒಂಟಿತನ ಪೂರ್ತಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಯಾವ ಆಪರೇಷನ್ನಿನಿಂದಲೂ ಹೋಗುವಂಥದ್ದಲ್ಲ ಅದು. ಮುಂದೇನು ಎಂದು ಅವಳಿನ್ನೂ ತೀರ್ಮಾನಿಸಿರಲಿಲ್ಲ. ಆದರೆ ತೀರ್ಮಾನ ಅವಳ ಕೈಯಲ್ಲೇ ಇತ್ತು.

ಈ ಕಥೆಯನ್ನು ಕೇಳುತ್ತಿರುವ ಅಕ್ಕ, ಅಮ್ಮ, ತಂಗಿ, ಒಂದು ಮಾತು. ಮುಟ್ಟು ವಾರ ಮೀರಿ ಹೋಗುತ್ತಿದ್ದರೆ, ಹೆಪ್ಪು ಹೋಗುತ್ತಿದ್ದರೆ, ನಡೆದರೆ ಏದುಸಿರು ಬಂದರೆ, ಕೆಳಹೊಟ್ಟೆ ಗಟ್ಟಿಯಾಗಿ ಬೆಳೆಯುತ್ತಿದ್ದರೆ, ಹೆಂಗಸಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸಹಿಸಿಕೊಂಡು ಕೂರಬೇಡಿ. ಮುಟ್ಟು ನಿಂತುಹೋದ ಮೇಲೆ ಮತ್ತೆ ರಕ್ತ ಕಂಡರಂತೂ ಒಂದು ದಿನವೂ ತಡ ಮಾಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗೆಡ್ಡೆ ಇದೆ ಎಂದರೆ ಗಾಬರಿ ಬೇಡ. ನನ್ನ ಗೆಡ್ಡೆ ಎಷ್ಟು ದೊಡ್ಡದು, ಕಾದು ನೋಡಬಹುದೇ, ಔಷಧಿಯಲ್ಲಿ ಆಗುತ್ತದೆಯೇ, ಗೆಡ್ಡೆ ಮಾತ್ರ ತೆಗೆಯಬಹುದೇ, ಗರ್ಭಕೋಶ ತೆಗೆದರೆ ಅಂಡಾಶಯ ಉಳಿಯುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಪಕ್ಕದ ಮನೆಯವಳಿಗೆ ಸರಿಹೋದ ಚಿಕಿತ್ಸೆ ನಿಮಗೆ ಸರಿಹೋಗಬೇಕೆಂದೇನಿಲ್ಲ. ನಿಮ್ಮ ವಯಸ್ಸು, ನಿಮ್ಮ ಗೆಡ್ಡೆ, ನಿಮ್ಮ ಆಸೆ, ಇವನ್ನು ನೋಡಿ ಆಗಬೇಕಾದ ತೀರ್ಮಾನ ಅದು.

ಮತ್ತೆ ಮನೆಯ ಗಂಡಸರೇ, ನಿಮಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಹೆಂಗಸು ಇತ್ತೀಚೆಗೆ ಸುಮ್ಮನಾಗಿದ್ದರೆ, ಎಲ್ಲಿಗೂ ಬರುವುದಿಲ್ಲ ಅನ್ನುತ್ತಿದ್ದರೆ, ಮೈ ಹೇಗಿದೆ ಎಂದು ಮೆಲ್ಲಗೆ ಕೇಳಿ. ಊರಿನವರು ಕೇಳುವುದಕ್ಕೆ ಮೊದಲು ನೀವು ಕೇಳಿ.